ಹತ್ತು ವರ್ಷ, ಒಂದೇ ಬಿಲ್ಲು: ವಿಸ್ಕಾನ್ಸಿನ್ ಕಾಡಿನಿಂದ ಹಿರಿಯಡಕದ ಹಾಳೆ ತಟ್ಟೆವರೆಗೆ

ಈ ಕಾಂಪೌಂಡ್ ಬಿಲ್ಲು, ಅಂದರೆ ಎರಡು ತುದಿಗೆ ಗಾಲಿ ಇರುವ ಈ ಕಾಲದ ಬಿಲ್ಲು, ತಗೊಂಡದ್ದು 2015ರ ಆಗಸ್ಟ್‌ನಲ್ಲಿ. ಆಗ ನಾನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕೆಲಸದಲ್ಲಿದ್ದೆ. ಆರು ಸೀಸನ್ ಇದರಲ್ಲೇ ಜಿಂಕೆ ಬೇಟೆ ಆಡಿದೆ. 2021ರಲ್ಲಿ ಊರಿಗೆ ಬಂದಾಗ ಬಿಲ್ಲೂ ಜೊತೆಗೆ ಬಂತು. ಈಗ ಉಡುಪಿ ಹತ್ತಿರದ ಹಿರಿಯಡಕದ ಮನೆಯ ಹಿಂದೆ, ಅಡಿಕೆ ತೋಟದ ಅಂಚಿನಲ್ಲಿ, ಗುರಿಗೆ ಮಾತ್ರ ಬಿಡುತ್ತೇನೆ. ಕಂಪನಿ ಹೆಸರು ಬರೆಯುವುದಿಲ್ಲ. 60 ಪೌಂಡಿನ ಯಾವ ಒಳ್ಳೆ ಕಾಂಪೌಂಡ್ ಬಿಲ್ಲಿಗೂ ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಹೊಂದುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಬೇಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಡವೆ, ಜಿಂಕೆ, ಕಾಡುಕುರಿ ಯಾವುದಕ್ಕೂ ಬಾಣ ಬಿಡುವ ಹಾಗಿಲ್ಲ. ಬಿಲ್ಲು ನೋಡಿದವರು "ಗದ್ದೆಗೆ ಹಂದಿ ಬರ್ತದೆ, ಒಂದು ಕೈ ನೋಡ್ತೀರಾ?" ಅಂತ ಕೇಳುತ್ತಾರೆ. ಇಲ್ಲ ಅಂತ ಒಂದೇ ಮಾತಲ್ಲಿ ಹೇಳುತ್ತೇನೆ. ಬೇಟೆಯ ಬಾಣದ ತುದಿಗೆ ಹಾಕುವ ಬ್ಲೇಡಿನ ಮೊನೆಗಳನ್ನು, ಅಂದರೆ ಬ್ರಾಡ್‌ಹೆಡ್‌ಗಳನ್ನು, ಅಲ್ಲೇ ಗೆಳೆಯನಿಗೆ ಕೊಟ್ಟು ಬಂದಿದ್ದೇನೆ. ಇಲ್ಲಿರುವುದು ಅಭ್ಯಾಸದ ಮೊಂಡು ಮೊನೆ ಮಾತ್ರ.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಎಳೆಯಲು 60 ಪೌಂಡು, ಅಂದರೆ ಸುಮಾರು 27 ಕೆಜಿ. ಮೊದಲ ಅರ್ಧ ಎಳೆತದಲ್ಲಿ ಬೆನ್ನಿನ ಮೇಲ್ಗಡೆಯ ಎರಡು ಹೆಗಲೆಲುಬು ಒಂದಕ್ಕೊಂದು ಹತ್ತಿರ ಬರುವುದು ಗೊತ್ತಾಗುತ್ತದೆ. ಆಮೇಲೆ ಎರಡು ತುದಿಯ ಗಾಲಿಗಳು, ಅಂದರೆ ಕ್ಯಾಮ್‌ಗಳು, ತಿರುಗುತ್ತವೆ, ಭಾರ ಇದ್ದಕ್ಕಿದ್ದ ಹಾಗೆ ಇಳಿಯುತ್ತದೆ. ಪೂರ್ತಿ ಎಳೆದು ಹಿಡಿದಾಗ ಕೈಯಲ್ಲಿ ಉಳಿಯುವುದು 12 ಪೌಂಡು ಅಷ್ಟೆ. ಬೇಟೆಯಲ್ಲಿ ಇದು ದೊಡ್ಡ ಉಪಕಾರ. ಜಿಂಕೆಯ ತಲೆ ಮರದ ಹಿಂದೆ ಹೋದ ಕ್ಷಣದಲ್ಲಿ ಎಳೆದಿಟ್ಟು, ಅದು ಹೊರಗೆ ಬರುವವರೆಗೆ ಅರ್ಧ ನಿಮಿಷ ಹಿಡಿದಿರಬಹುದು. ಹಳೇ ಕಾಲದ ಬಿದಿರು ಬಿಲ್ಲಿನಲ್ಲಿ ಇದು ಆಗುವ ಮಾತಲ್ಲ.

ಗುರಿಯಲ್ಲಿ ಈ ಬಿಲ್ಲು ನನಗೆ ಒಮ್ಮೆಯೂ ಮೋಸ ಮಾಡಿಲ್ಲ. ಕಾಂಪೌಂಡ್ ಸ್ಪರ್ಧೆಯ ದೂರ 50 ಮೀಟರ್, ಹತ್ತು ಅಂಕದ ಉಂಗುರ 8 ಸೆಂಟಿಮೀಟರ್ ಅಗಲ. ಮನಸ್ಸು ಸಮಾಧಾನವಾಗಿದ್ದ ದಿನ ಆ ಉಂಗುರದೊಳಗೆ ಆರರಲ್ಲಿ ಮೂರು ನಾಲ್ಕು ಬಾಣ ಹಾಕುತ್ತೇನೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್‌ನ ಐದೂ ಚಿನ್ನ ಭಾರತಕ್ಕೇ ಬಂತಲ್ವಾ, ಅವತ್ತಿನಿಂದ ನಮ್ಮ ಕೇರಿಯ ಹುಡುಗರೂ ಬಂದು ನಿಂತು ನೋಡುತ್ತಾರೆ. ಅಲ್ಲಿ ಚಿನ್ನ ಗೆದ್ದ ಜ್ಯೋತಿ ಸುರೇಖಾ ಬಾಣ ಬಿಡುವ ವಿಡಿಯೋ ತೋರಿಸಿ, "ನೀವೂ ಹೀಗೇ ಹೊಡಿತೀರಾ ಅಣ್ಣ?" ಅಂತ ಕೇಳುತ್ತಾರೆ. ಅವರಷ್ಟು ಸ್ಥಿರ ಕೈ ನನಗಿಲ್ಲ. ಆದರೆ ಬಿಲ್ಲಿಗೆ ಆ ಶಕ್ತಿ ಇದೆ.

ಕಷ್ಟ ಇರುವುದು ಬೇರೆ ಕಡೆ. ಕಾಗದದ ಗುರಿ ನಿಂತಲ್ಲೇ ನಿಂತಿರುತ್ತದೆ. ಜಿಂಕೆಗೆ ಜೀವ ಇದೆ.

ಬಾಣ ಗುಂಡಿನ ಹಾಗೆ ಹೊಡೆತದ ಜೋರಿನಿಂದ ಕೊಲ್ಲುವುದಿಲ್ಲ. ಕತ್ತರಿಸಿ, ರಕ್ತ ಹೋಗಿ ಸಾಯಬೇಕು. ಹಾಗಾಗಿ ಎರಡೂ ಶ್ವಾಸಕೋಶ ಇಲ್ಲವೇ ಹೃದಯದ ಮೂಲಕವೇ ಬಾಣ ದಾಟಬೇಕು. ಆಗ ಜಿಂಕೆ ಕೆಲವು ಸೆಕೆಂಡು ಓಡಿ ಬೀಳುತ್ತದೆ. ವಿಸ್ಕಾನ್ಸಿನ್‌ನ ಬಿಳಿಬಾಲದ ಜಿಂಕೆಯಲ್ಲಿ ಆ ಜಾಗ ನಮ್ಮ 9 ಇಂಚಿನ ಅಡಿಕೆ ಹಾಳೆ ತಟ್ಟೆಯಷ್ಟು, ಮುಂಗಾಲಿನ ಹಿಂದೆ. ಅದು ಅಡ್ಡ ನಿಂತಿರಬೇಕು, ಇಲ್ಲವೇ ಮುಖ ಆಚೆ ಮಾಡಿ ಸ್ವಲ್ಪ ಓರೆ ನಿಂತಿರಬೇಕು. ಓರೆ ನಿಂತಾಗ ಆಚೆ ಬದಿಯ ಮುಂಗಾಲನ್ನು ಮನಸ್ಸಲ್ಲಿಟ್ಟು ಗುರಿ ಹಿಡಿಯಬೇಕು. ನಮ್ಮ ಕಡೆ ಮುಖ ಮಾಡಿ ನಿಂತರೆ ಭುಜದ ಎಲುಬು, ಎದೆಯ ಎಲುಬು ಅಡ್ಡ ಬರುತ್ತವೆ. ಬಿಡಬಾರದು. ಎಷ್ಟೇ ಹತ್ತಿರ ಇದ್ದರೂ ಬಿಡಬಾರದು.

ಇನ್ನೊಂದು, ಶಬ್ದ. ನನ್ನ ಬಾಣ ಹೋಗುವುದು ಸೆಕೆಂಡಿಗೆ ಸುಮಾರು 80 ಮೀಟರ್. ಶಬ್ದ ಹೋಗುವುದು 340 ಮೀಟರ್. 20 ಗಜದಲ್ಲಿ ಬಾಣ ಮುಟ್ಟಲು ಕಾಲು ಸೆಕೆಂಡೂ ಬೇಡ. 40 ಗಜಕ್ಕೆ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಹೆದೆಯ ಟಪ್ ಅನ್ನುವ ಸದ್ದು ಜಿಂಕೆಯ ಕಿವಿಗೆ ಬಾಣಕ್ಕಿಂತ ಎಷ್ಟೋ ಮೊದಲು ಮುಟ್ಟುತ್ತದೆ. ಸದ್ದು ಕೇಳಿದ ಜಿಂಕೆ ಓಡಲು ಕಾಲು ಮಡಚುತ್ತದೆ, ಮೈ ಕೆಳಗಿಳಿಯುತ್ತದೆ. ಬಾಣ ಹೋಗುವ ಹೊತ್ತಿಗೆ ನೀವು ಗುರಿ ಹಿಡಿದ ಜಾಗ ಅಲ್ಲಿರುವುದೇ ಇಲ್ಲ. ಬಿಲ್ಲು ಎಷ್ಟೇ ವೇಗದ್ದಾಗಲಿ, ಶಬ್ದವನ್ನು ಹಿಂದೆ ಹಾಕುವ ಬಿಲ್ಲು ಇಲ್ಲ. ಕಿವಿ ನೆಟ್ಟಗೆ ಮಾಡಿ, ಕತ್ತು ಎತ್ತಿ ನಿಂತ ಜಿಂಕೆಗೆ 30 ಗಜವೂ ದೂರವೇ. ತಲೆ ಬಗ್ಗಿಸಿ ಓಕ್ ಕಾಯಿ ಮೇಯುತ್ತಿರುವ ಜಿಂಕೆಯ ಲೆಕ್ಕವೇ ಬೇರೆ.

ಇದೆಲ್ಲ ನನಗೆ ಓದಿ ಗೊತ್ತಿತ್ತು. 1973ರ ಜನವರಿ 1ರಂದು ಇಲ್ಲವೇ ಅದರ ನಂತರ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಬೇಟೆಯ ಕೋರ್ಸ್ ಮಾಡದೆ ಲೈಸೆನ್ಸ್ ತಗೊಳ್ಳುವ ಹಾಗಿಲ್ಲ. ನಾನೂ ಮಾಡಿದ್ದೆ. ಆದರೂ 2018ರ ನವೆಂಬರಿನಲ್ಲಿ ಒಂದು ತಪ್ಪು ಮಾಡಿದೆ.

ದೀಪಾವಳಿ ಕಳೆದ ಮರುವಾರ. ಮರದ ಮೇಲೆ ಕಟ್ಟಿದ ಸ್ಟ್ಯಾಂಡಿನಲ್ಲಿ ಮಧ್ಯಾಹ್ನದಿಂದ ಕೂತಿದ್ದೆ. ಚಳಿಗೆ ಕಾಲ್ಬೆರಳು ಮರಗಟ್ಟಿತ್ತು. ನಾಲ್ಕು ಗಂಟೆ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಜೋಳದ ಗದ್ದೆಯ ಅಂಚಿನಿಂದ ಬಂತು. ದೂರ ಅಳೆಯುವ ಯಂತ್ರದಲ್ಲಿ 38 ಗಜ ತೋರಿಸಿತು. ಅಲ್ಲಿಯವರೆಗೆ ನಾನು 25 ಗಜ ದಾಟಿ ಬಿಟ್ಟವನಲ್ಲ. ಅಂಗಳದಲ್ಲಿ ಇಡೀ ಬೇಸಿಗೆ 40 ಗಜದಲ್ಲಿ ಬಾಣ ಒಟ್ಟೊಟ್ಟಿಗೆ ಬೀಳುತ್ತಿದ್ದವು, ಅದೇ ಧೈರ್ಯ. ಅಡ್ಡ ನಿಂತಿತ್ತು. ಎಳೆದೆ, ಗುರಿ ಹಿಡಿಯುವ ಸೈಟಿನ ಹಸಿರು ಪಿನ್ ಮುಂಗಾಲಿನ ಹಿಂದೆ ಕೂತಿತು, ಬಿಟ್ಟೆ. ಬಿಟ್ಟ ಅದೇ ಕ್ಷಣ ಅದು ಸುಮ್ನೆ ಒಂದು ಹೆಜ್ಜೆ ಮುಂದಿಟ್ಟಿತು. ನನ್ನನ್ನು ನೋಡಿ ಬೆದರಿದ್ದೂ ಅಲ್ಲ, ಮೇವಿನ ಹೆಜ್ಜೆ. ಬಾಣ ಹೊಟ್ಟೆಗೆ ಹೋಯಿತು. ಬೆನ್ನು ಗೂನು ಮಾಡಿಕೊಂಡು, ಮೆಲ್ಲ ನಡೆದು ಹೋಯಿತು.

ಇಳಿದು ಬಾಣ ಹುಡುಕಿದೆ. ಗುಲಾಬಿ ನೊರೆ ಇದ್ದರೆ ಶ್ವಾಸಕೋಶ. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ. ನನ್ನ ಬಾಣದ ಗರಿಗಳ ಮೇಲೆ ಹಸಿರು ಇತ್ತು. ಜಮೀನಿನ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅವರು ಬಾಣ ಮೂಸಿ ನೋಡಿ, ಈಗ ಹಿಂದೆ ಹೋಗಬೇಡ, ಅಟ್ಟಿದರೆ ಇನ್ನೂ ದೂರ ಓಡುತ್ತದೆ, ಬೆಳಿಗ್ಗೆವರೆಗೆ ಬಿಡು ಅಂದರು. ಶ್ವಾಸಕೋಶಕ್ಕೆ ತಾಗಿದರೆ ಅರ್ಧ ಗಂಟೆ ಕಾಯುತ್ತಾರೆ. ಹೊಟ್ಟೆಗೆ ತಾಗಿದರೆ ಇಡೀ ರಾತ್ರಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸುಮಾರು 180 ಗಜ ಆಚೆ, ತೊರೆಯ ಬದಿಯಲ್ಲಿ ಸಿಕ್ಕಿತು. ಮುಟ್ಟಿ ನೋಡಿದೆ. ಹೊಟ್ಟೆಯ ಅಡಿಯಲ್ಲಿ ಮೈ ಇನ್ನೂ ಬೆಚ್ಚಗಿತ್ತು. ಅಂದರೆ ರಾತ್ರಿ ಬಹಳ ಹೊತ್ತು ಅದಕ್ಕೆ ಜೀವ ಇತ್ತು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಪಾಪ ಮಗಾ, ಅದಕ್ಕೆ ಎಂತ ಗೊತ್ತುಂಟು" ಅಂದರು. ಬೈಯಲಿಲ್ಲ. ನೀರಿನ ಸದ್ದು ಕೇಳಿ ಆನೆ ಅಂತ ತಿಳಿದು ಬಾಣ ಬಿಟ್ಟ ದಶರಥನ ಕಥೆಯನ್ನು ಚಿಕ್ಕಂದಿನಲ್ಲಿ ಹೇಳಿದ್ದು ಅವರೇ. ಆ ಕಥೆ ಆ ವಾರ ದಿನವೂ ನೆನಪಾಯಿತು. ಬಿಲ್ಲಿನದ್ದು ಏನೂ ತಪ್ಪಿರಲಿಲ್ಲ. ಬಾಣ ಪಿನ್ ಇಟ್ಟಲ್ಲಿಗೇ ಹೋಗಿತ್ತು.

ಅವತ್ತಿನಿಂದ ಅಭ್ಯಾಸದ ರೀತಿಯನ್ನೇ ಬದಲಿಸಿದೆ, ಇಲ್ಲಿ ಬಂದ ಮೇಲೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು, ಕಾಫಿಗೂ ಮೊದಲು, ಮೈ ಬೆಚ್ಚಗಾಗುವ ಮೊದಲು, ಒಂದೇ ಒಂದು ಬಾಣ. ಗುರಿ 9 ಇಂಚಿನ ಹಾಳೆ ತಟ್ಟೆ. ತಟ್ಟೆಯೊಳಗೆ ಬಿದ್ದರೆ ಡೈರಿಯಲ್ಲಿ ಟಿಕ್, ಹೊರಗೆ ಬಿದ್ದರೆ ಅಡ್ಡಗೆರೆ. ಎರಡನೇ ಬಾಣದ ಲೆಕ್ಕ ಇಲ್ಲ, ಯಾಕೆಂದರೆ ಕಾಡಿನಲ್ಲಿ ಎರಡನೇ ಬಾಣ ಸಿಗುವುದು ಅಪರೂಪ. ಕಳೆದ ಬೇಸಿಗೆಯಲ್ಲಿ 20 ಗಜದಲ್ಲಿ 30ಕ್ಕೆ 30. 30 ಗಜದಲ್ಲಿ 27. 40 ಗಜದಲ್ಲಿ 21. ಅದೇ 40 ಗಜದಲ್ಲಿ, ಹತ್ತು ಬಾಣ ಬಿಟ್ಟು ಕೈ ಪಳಗಿದ ಮೇಲೆ, ಎಲ್ಲವೂ ತಟ್ಟೆಯೊಳಗೇ ಬೀಳುತ್ತವೆ. ಅಂಗಳದ ಅಭ್ಯಾಸ ನಮ್ಮನ್ನು ನಂಬಿಸುವುದು ಹೀಗೆ.

ತಾರಸಿ ಮೇಲಿಂದಲೂ ಬಿಡುತ್ತೇನೆ. ಸುಮಾರು 14 ಅಡಿ ಎತ್ತರ, ಟ್ರೀ ಸ್ಟ್ಯಾಂಡಿನ ಲೆಕ್ಕಕ್ಕೆ ಹತ್ತಿರ. ಮೇಲಿಂದ ಕೆಳಗೆ ಬಿಡುವಾಗ ಕೈ ಮಾತ್ರ ಇಳಿಸಿದರೆ ಬಾಣ ಮೇಲೆ ಹೋಗುತ್ತದೆ. ಸೊಂಟದಿಂದ ಬಗ್ಗಬೇಕು. ದೂರವನ್ನೂ ಓರೆಯಲ್ಲಿ ಅಳೆಯಬಾರದು, ನೆಲದ ಮೇಲಿನ ನೇರ ದೂರವೇ ಲೆಕ್ಕ. ಜಿಂಕೆ ತೀರಾ ಮರದ ಬುಡಕ್ಕೆ ಬಂದರೆ ಅದೂ ಕಷ್ಟವೇ. ಕೋನ ಕಡಿದಾಗಿ ಒಂದೇ ಶ್ವಾಸಕೋಶಕ್ಕೆ ತಾಗುವ ಭಯ ಇರುತ್ತದೆ. ಪಕ್ಕದ ಮನೆಯ ದೊಡ್ಡಪ್ಪ ಒಂದು ಕಾಲದಲ್ಲಿ ಕೋವಿ ಹಿಡಿದವರು. ಅವರು ಒಂದು ದಿನ ತಾರಸಿ ಹತ್ತಿ ನೋಡಿ, "ಇಷ್ಟು ಹತ್ತಿರಕ್ಕೆ ಬರುವವರೆಗೆ ಕಾಯಬೇಕಾ ಮಾರಾಯ? ಕೋವಿಗೆ ಇದು ದೂರವೇ ಅಲ್ಲ" ಅಂದರು. ಹೌದು, ಕಾಯಬೇಕು. ಆರು ಸೀಸನ್ನಿನಲ್ಲಿ ನಾನು ಹೊಡೆದದ್ದು ನಾಲ್ಕು ಜಿಂಕೆ. ಎಳೆದು, ನೋಡಿ, ಬಿಡದೆ ಇಳಿಸಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ.

ಕಳೆದ ವರ್ಷ ಅಕ್ಕನ ಮಗನನ್ನು ಮಂಗಳೂರಿನ ಪಿಲಿಕುಳಕ್ಕೆ ಕರೆದುಕೊಂಡು ಹೋಗಿದ್ದೆ. ಅವನು ಹುಲಿ ನೋಡಬೇಕು ಅಂದ. ನಾನು ಜಿಂಕೆಗಳ ಬೇಲಿ ಹತ್ತಿರ ಅರ್ಧ ಗಂಟೆ ನಿಂತೆ. ಒಂದು ಹೆಣ್ಣು ಜಿಂಕೆಯ ಎರಡು ಕಿವಿ ಎರಡು ದಿಕ್ಕಿಗೆ ತಿರುಗಿತ್ತು. ಒಂದು ನಮ್ಮ ಕಡೆ, ಒಂದು ದಾರಿಯ ಕಡೆ. ಯಾರೋ ಚಿಪ್ಸ್ ಪೊಟ್ಟಣ ಹರಿದರು. ಅದು ಓಡಲಿಲ್ಲ. ಆದರೆ ನಾಲ್ಕೂ ಕಾಲು ಒಂದಿಷ್ಟು ಮಡಚಿ, ಬೆನ್ನು ತಗ್ಗಿ, ಮತ್ತೆ ನೆಟ್ಟಗಾಯಿತು. "ನೋಡಿದ್ಯಾ?" ಅಂತ ಹುಡುಗನಿಗೆ ಕೇಳಿದೆ. "ಎಂತ ಮಾಮ?" ಅಂದ. ಅಷ್ಟರಲ್ಲಿ ಅದು ಮುಗಿದೇ ಹೋಗಿತ್ತು.

ಇನ್ನು ಕರಾವಳಿಯಲ್ಲಿ ಬಿಲ್ಲು ಇಟ್ಟುಕೊಳ್ಳುವ ಕಷ್ಟ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಮೆರಿಕದವರು ಬರೆದ ವಿಮರ್ಶೆಗಳಲ್ಲಿ ಇದು ಇರುವುದಿಲ್ಲ. ಮೊದಲ ಮಳೆಗಾಲದಲ್ಲೇ ಸೈಟಿನ ಅಲನ್ ಸ್ಕ್ರೂಗಳು ತುಕ್ಕು ಹಿಡಿದವು. ಪೆಟ್ಟಿಗೆಯ ಒಳಗಿನ ಸ್ಪಂಜಿಗೆ ಬೂಷ್ಟು ಬಂತು. ಈಗ ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆಯಲ್ಲಿ ಇಡುವುದೇ ಇಲ್ಲ. ಒಳಗಿನ ಕೋಣೆಯ ಗೋಡೆಗೆ ತೂಗು ಹಾಕಿ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಸ್ಕ್ರೂಗಳಿಗೆ ಒಂದು ಹನಿ ಎಣ್ಣೆ. ಹೆದೆಗೆ ಮಾತ್ರ ಎಣ್ಣೆ ತಾಗಬಾರದು, ಅದಕ್ಕೆ ಮೇಣ. ಬೆರಳಿನಲ್ಲಿ ಉಜ್ಜಿ, ಬೆಚ್ಚಗಾಗಿ ಎಳೆಗಳ ಒಳಗೆ ಇಳಿಯುವವರೆಗೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಲೇಬೇಡಿ. ನಾನೊಮ್ಮೆ ಮಲ್ಪೆಯಲ್ಲಿ ಎರಡು ಗಂಟೆ ಬಿಟ್ಟಿದ್ದೆ. ಹೆದೆ ಸ್ವಲ್ಪ ಹಿಗ್ಗಿ, ಅದರಲ್ಲಿ ಕೂತ ಪೀಪ್ ಸೈಟ್, ಅಂದರೆ ಕಣ್ಣಿಟ್ಟು ನೋಡುವ ಸಣ್ಣ ತೂತಿನ ಬಿಲ್ಲೆ, ತಿರುಗಿಕೊಂಡಿತು. ಎಳೆದರೆ ತೂತೇ ಕಾಣುತ್ತಿರಲಿಲ್ಲ.

ಹೆದೆಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಕಾಂಪೌಂಡ್ ಬಿಲ್ಲಿನ ಹೆದೆ ಬಿಚ್ಚಲು ಬಿಲ್ಲನ್ನು ಅದುಮಿ ಹಿಡಿಯುವ ಪ್ರೆಸ್ ಬೇಕು, ಕೈಯಲ್ಲಿ ಆಗುವುದಿಲ್ಲ. ಬೆಂಗಳೂರಿನ ಒಂದು ಅಂಗಡಿಗೆ ಕಳಿಸಿದೆ. ಏಳು ವಾರ ಇಟ್ಟುಕೊಂಡು, ಅಳತೆ ತಪ್ಪಿದ ಹೆದೆ ಹಾಕಿ ಕಳಿಸಿದರು. ಎರಡು ಕ್ಯಾಮ್ ಒಟ್ಟಿಗೆ ತಿರುಗುತ್ತಿರಲಿಲ್ಲ. ಮತ್ತೆ ಕಳಿಸಿ, ಮತ್ತೆ ದುಡ್ಡು ಕೊಟ್ಟು ಸರಿ ಮಾಡಿಸಿದೆ. ಈಗ ವಿಸ್ಕಾನ್ಸಿನ್‌ನ ಗೆಳೆಯ ನನ್ನ ಬಿಲ್ಲಿನ ಅಳತೆಯ ಹೆದೆ ತರಿಸಿ ಇಟ್ಟಿರುತ್ತಾನೆ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಾನೆ.

ಗುರಿಗೆ ದುಬಾರಿ ಫೋಮ್ ಬೇಕಿಲ್ಲ. ಗೋಣಿ ಚೀಲಕ್ಕೆ ಹಳೇ ಬಟ್ಟೆ ಬಿಗಿಯಾಗಿ ತುಂಬಿದರೆ ಮೊಂಡು ಮೊನೆಯ ಬಾಣ ಚೆನ್ನಾಗಿ ನಿಲ್ಲುತ್ತದೆ. ಹಿಂದೆ ಎತ್ತರದ ಮಣ್ಣಿನ ದರೆ ಇರಲಿ. ನನ್ನ ಒಂದು ಬಾಣ ಚೀಲ ತಪ್ಪಿ ಮುರಕಲ್ಲಿಗೆ ಬಡಿದಿತ್ತು. ನೋಡಲು ಏನೂ ಆಗಿರಲಿಲ್ಲ. ಬಾಗಿಸಿದರೆ ಚರ್ ಅಂತ ಸಣ್ಣ ಸದ್ದು. ಸೀಳು ಬಿಟ್ಟ ಕಾರ್ಬನ್ ಬಾಣ ಬಿಟ್ಟ ಕೂಡಲೇ ಒಡೆದು ಕೈಗೆ ಹೋಗಬಹುದು. ಹಾಗಾಗಿ ಪ್ರತಿ ಬಾಣವನ್ನೂ ಬಾಗಿಸಿ, ಕಿವಿ ಕೊಟ್ಟು ಕೇಳಿಯೇ ಇಡುತ್ತೇನೆ. ಬಾಣ ಇಲ್ಲದೆ ಹೆದೆ ಎಳೆದು ಬಿಡುವುದಂತೂ ಬೇಡವೇ ಬೇಡ, ಬಿಲ್ಲೇ ಒಡೆಯಬಹುದು. ನೋಡಲು ಬರುವ ಹುಡುಗರಿಗೆ ಮೊದಲು ಹೇಳುವುದು ಇದನ್ನೇ.

ಹೆದೆಯನ್ನು ಹಿಡಿದು ಬಿಡುವ ರಿಲೀಸ್ ಹತ್ತು ವರ್ಷದಿಂದ ಅದೇ, ಚೆನ್ನಾಗಿದೆ. ಬಾಣ ಕೂರುವ ರೆಸ್ಟ್ ಒಮ್ಮೆ ಬದಲಿಸಿದೆ. ದೂರ ಅಳೆಯುವ ಯಂತ್ರ ಮಂಜಿನಲ್ಲಿ, ಜೋರು ಮಳೆಯಲ್ಲಿ ತಪ್ಪು ತೋರಿಸುತ್ತದೆ.

ಹೊಸದಾಗಿ ತಗೊಳ್ಳುವವರು 60 ಪೌಂಡಿಗೆ ಹಾರಬೇಡಿ. ಕೂತಲ್ಲಿಂದ, ಬಿಲ್ಲನ್ನು ಮೇಲೆತ್ತದೆ, ನೇರ ಎಳೆಯಲು ಆಗುವಷ್ಟೇ ಭಾರ ಇರಲಿ. ನನ್ನದನ್ನೂ ಈ ವರ್ಷ 52ಕ್ಕೆ ಇಳಿಸಿದ್ದೇನೆ, ಭುಜಕ್ಕೆ ಹಿತವಾಗಿದೆ. ಇವತ್ತು ಬೆಳಿಗ್ಗೆ 30 ಗಜದಲ್ಲಿ ಬಾಣ ತಟ್ಟೆಯ ಎಡ ಅಂಚು ಸೀಳಿ ಹೋಯಿತು. ಡೈರಿಯಲ್ಲಿ ಅಡ್ಡಗೆರೆ ಹಾಕಿದ್ದೇನೆ.