ಟ್ಯಾಬ್‌ನ ದೊಡ್ಡ ವಿಡಿಯೊ ಕಂಪ್ಯೂಟರಿಗೆ: ಎಂಟಿಪಿಯೋ, ಎಡಿಬಿಯೋ, ಟೆದರಿಂಗೋ, ಪೆನ್‌ಡ್ರೈವೋ?

ಮೂರು ಗಂಟೆಯ ತಾಳಮದ್ದಳೆಯನ್ನು ಟ್ಯಾಬ್‌ನಲ್ಲಿ 1080ಪಿ ಗುಣಮಟ್ಟದಲ್ಲಿ ಚಿತ್ರೀಕರಿಸಿದರೆ ಸುಮಾರು 23 ಜಿಬಿ ಆಗುತ್ತದೆ. ಸೆಕೆಂಡಿಗೆ 17 ಮೆಗಾಬಿಟ್ ಎಂದು ಹಿಡಿದರೆ ಗಂಟೆಗೆ ಏಳೂವರೆ ಜಿಬಿ. 64 ಜಿಬಿಯ ಟ್ಯಾಬ್ ಎರಡೇ ಕಾರ್ಯಕ್ರಮಕ್ಕೆ ತುಂಬಿಹೋಗುತ್ತದೆ. ಗೂಗಲ್ ಡ್ರೈವ್ ಪುಕ್ಕಟೆ ಕೊಡುವುದು 15 ಜಿಬಿ. ವಾಟ್ಸಾಪ್‌ನಲ್ಲಿ ವಿಡಿಯೊ ಅಂತ ಕಳಿಸಿದರೆ ಚಿತ್ರ ಮಸುಕಾಗುತ್ತದೆ. ಹಾಗಾಗಿ ಕೇಬಲ್ಲೇ ಗತಿ. ಆದರೆ ಕೇಬಲ್ ಸಿಕ್ಕಿಸಿದ ಮೇಲೂ ದಾರಿ ಒಂದೇ ಅಲ್ಲ. ಇಷ್ಟೇ ಗಾತ್ರದ ಫೋಲ್ಡರನ್ನು ಕೇಬಲ್ಲಿನ ಮೂರು ದಾರಿ ಮತ್ತು ಪೆನ್‌ಡ್ರೈವ್ ಸೇರಿ ನಾಲ್ಕು ರೀತಿಯಲ್ಲಿ ಸಾಗಿಸಿ ನೋಡಿದ್ದೇವೆ. ಚಿಲ್ಲರೆ ಫೈಲುಗಳಿಗೆ ಎಂಟಿಪಿ, ಅಂದರೆ ಕೇಬಲ್ ಸಿಕ್ಕಿಸಿ ‘ಫೈಲ್ ಟ್ರಾನ್ಸ್‌ಫರ್’ ಆರಿಸುವ ಮಾಮೂಲು ದಾರಿ ಸಾಕು. ದೊಡ್ಡ ಫೋಲ್ಡರಿಗೆ ಎಡಿಬಿ, ಅಂದರೆ ಕಂಪ್ಯೂಟರಿನಲ್ಲಿ ಆಜ್ಞೆ ಬರೆದು ಫೈಲ್ ಎಳೆಯುವ ದಾರಿಯೇ ವಾಸಿ. ಕೇಬಲ್ ಸರಿ ಇಲ್ಲದಿದ್ದರೆ ಮಾತ್ರ ಎರಡೂ ದಂಡ.

ಅದಕ್ಕೇ ಮೊದಲು ಕೇಬಲ್ಲಿನ ವಿಷಯ. ಹಳೆಯ ಯುಎಸ್‌ಬಿ ಕೇಬಲ್ಲಿನ ಒಳಗೆ ನಾಲ್ಕು ತಂತಿ: ಕೆಂಪು ಮತ್ತು ಕಪ್ಪು ವಿದ್ಯುತ್ತಿಗೆ, ಹಸಿರು ಮತ್ತು ಬಿಳಿ ಡೇಟಾಕ್ಕೆ. ಪವರ್ ಬ್ಯಾಂಕ್, ಹೆಡ್‌ಫೋನ್ ಜೊತೆ ಬರುವ ಗಿಡ್ಡ ಕೇಬಲ್ಲುಗಳಲ್ಲಿ ಹಸಿರು, ಬಿಳಿ ತಂತಿಗಳು ಇಲ್ಲದಿರುವುದು ಉಂಟು. ಟ್ಯಾಬ್ ಚಾರ್ಜ್ ಆಗುತ್ತದೆ, ಕಂಪ್ಯೂಟರ್ ಮಾತ್ರ ಏನೂ ಬಂದಿಲ್ಲ ಎಂಬಂತೆ ಸುಮ್ಮನಿರುತ್ತದೆ. ಪತ್ತೆ ಹಚ್ಚುವುದು ಸುಲಭ: ಸಿಕ್ಕಿಸಿದ ಕೂಡಲೇ ವಿಂಡೋಸ್ ಟಿಣ್ ಎಂದು ಸದ್ದು ಮಾಡಬೇಕು. ಸದ್ದಿಲ್ಲದೆ ಬರೀ ಚಾರ್ಜ್ ಆಗುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಡ್ರೈವರ್ ಹುಡುಕಲು ಆಮೇಲೆ ಹೋಗಿ. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರವೋ ಕೇಬಲ್ ಕೊಳ್ಳುವಾಗ ‘ಫಾಸ್ಟ್ ಚಾರ್ಜಿಂಗ್’ ಎಂಬ ಬರಹ ನೋಡಿ ಮರುಳಾಗಬೇಡಿ, ಅದಕ್ಕೂ ಡೇಟಾಕ್ಕೂ ಸಂಬಂಧವಿಲ್ಲ. ‘ಡೇಟಾ ಎಷ್ಟು ಸ್ಪೀಡ್’ ಎಂದು ಕೇಳಿ, ಪೊಟ್ಟಣದ ಮೇಲೆ 480 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್), 5 ಜಿಬಿಪಿಎಸ್, 10 ಜಿಬಿಪಿಎಸ್ ಇವುಗಳಲ್ಲಿ ಯಾವುದಿದೆ ನೋಡಿ.

ಟೈಪ್-ಸಿ ತೂತು ಇದ್ದ ಮಾತ್ರಕ್ಕೆ ವೇಗ ಬಂತು ಎಂದೂ ಅಲ್ಲ. ಸ್ಯಾಮ್‌ಸಂಗ್ ಟ್ಯಾಬ್ ಎ9 ಪ್ಲಸ್‌ನಲ್ಲಿ ಟೈಪ್-ಸಿ ಇದ್ದರೂ ಒಳಗಿನದು 480 ಎಂಬಿಪಿಎಸ್‌ನ ಹಳೆಯ ಯುಎಸ್‌ಬಿ 2.0. ಟ್ಯಾಬ್ ಎಸ್9ರಲ್ಲಿ ಹೆಚ್ಚು ವೇಗದ 3.2. 2022ರ ಹತ್ತನೇ ತಲೆಮಾರಿನ ಐಪ್ಯಾಡ್ ಕೂಡ ಟೈಪ್-ಸಿಯಲ್ಲಿ 480 ಎಂಬಿಪಿಎಸ್‌ಗೇ ನಿಲ್ಲುತ್ತದೆ. ಯುಎಸ್‌ಬಿ 2.0ದಲ್ಲಿ ನಿಜವಾಗಿ ಕೈಗೆ ಸಿಗುವುದು ಸೆಕೆಂಡಿಗೆ 30ರಿಂದ 40 ಎಂಬಿ. ಆ ಲೆಕ್ಕದಲ್ಲಿ 23 ಜಿಬಿಗೆ ಹತ್ತರಿಂದ ಹದಿಮೂರು ನಿಮಿಷ. ಇಂಥ ಟ್ಯಾಬಿಗೆ ದುಬಾರಿ 10 ಜಿಬಿಪಿಎಸ್ ಕೇಬಲ್ ತಂದರೂ ಒಂದು ನಿಮಿಷವೂ ಉಳಿಯುವುದಿಲ್ಲ. ಟ್ಯಾಬ್, ಕೇಬಲ್, ಕಂಪ್ಯೂಟರಿನ ಪೋರ್ಟ್ ಮೂರೂ 3.0 ಅಥವಾ ಅದಕ್ಕಿಂತ ಮೇಲಿನದಾದರೆ ಮಾತ್ರ ಆ ಖರ್ಚಿಗೆ ಅರ್ಥ. ಆಗಲೂ 5 ಜಿಬಿಪಿಎಸ್‌ನ ಕೇಬಲ್ ಎರಡು ಮೀಟರ್, 10ರದ್ದು ಒಂದು ಮೀಟರ್ ದಾಟದಿರಲಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟಿಗೆ ಸಿಕ್ಕಿಸಿ. ಮುಂಬದಿಯದ್ದು ಕ್ಯಾಬಿನೆಟ್ಟಿನೊಳಗಿನ ಇನ್ನೊಂದು ವಯರ್ ಮೂಲಕ ಮದರ್‌ಬೋರ್ಡ್ ಮುಟ್ಟುತ್ತದೆ, ಅದು ಸಡಿಲಾದರೆ ಸಂಪರ್ಕ ಮಧ್ಯದಲ್ಲೇ ತಪ್ಪುತ್ತದೆ.

ಕರಾವಳಿಯ ಉಪ್ಪುಗಾಳಿಯದ್ದು ಬೇರೆಯೇ ಕಾಟ. ಟ್ಯಾಬ್‌ನ ಟೈಪ್-ಸಿ ತೂತನ್ನು ಟಾರ್ಚ್ ಹಿಡಿದು ನೋಡಿ: ನಡುವೆ ತೆಳ್ಳಗಿನ ನಾಲಿಗೆ, ಅದರ ಎರಡೂ ಬದಿ ಹನ್ನೆರಡರಂತೆ ಹೊಂಬಣ್ಣದ ಗೆರೆಗಳು. ಆ ಗೆರೆಗಳ ಮೇಲೆ ಹಸಿರು ಛಾಯೆ ಕಂಡರೆ ಕಿಲುಬು ಹಿಡಿದಿದೆ ಎಂದರ್ಥ. ಕೇಬಲ್ ಪೂರ್ತಿ ಒಳಗೆ ಕೂರದಿದ್ದರೆ ತಳದಲ್ಲಿ ಬಟ್ಟೆಯ ಎಳೆ, ಧೂಳು ಒತ್ತಿಕೊಂಡು ಕೂತಿರುತ್ತದೆ. ಟ್ಯಾಬ್ ಸ್ವಿಚ್ ಆಫ್ ಮಾಡಿ, ಹಿಡಿಸೂಡಿ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಹೆರೆದು, ನಾಲಿಗೆಗೆ ತಾಗದಂತೆ ಗೋಡೆಯ ಬದಿಯಿಂದ ಮೆಲ್ಲ ಎಳೆದು ತೆಗೆಯಿರಿ. ಪಿನ್ನು, ಸೂಜಿ ಖಂಡಿತ ಬೇಡ, ಎರಡು ಗೆರೆ ತಾಗಿಕೊಂಡರೆ ಪೋರ್ಟೇ ಹೋಗುತ್ತದೆ. ಕಿಲುಬಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತುಸು ತೇವ ಮಾಡಿದ ಸಣ್ಣ ಬ್ರಷ್. ಮಳೆಗಾಲದಲ್ಲಿ ಪರದೆಯ ಮೇಲೆ ತೇವಾಂಶದ ಎಚ್ಚರಿಕೆ ಬಂದರೆ ಬಾಯಿಂದ ಊದಬೇಡಿ, ಉಸಿರಿನಲ್ಲೂ ತೇವ ಉಂಟು. ಕೇಬಲ್ ತೆಗೆದು ಫ್ಯಾನಿನ ಕೆಳಗೆ ಇಟ್ಟು ಕಾಯಿರಿ.

ಈಗ ದಾರಿಗಳು. ಎಂಟಿಪಿ ಎಲ್ಲರಿಗೂ ಗೊತ್ತಿರುವುದು. ಟ್ಯಾಬ್ ಅನ್‌ಲಾಕ್ ಮಾಡಿ, ಕೇಬಲ್ ಸಿಕ್ಕಿಸಿ, ಮೇಲಿನಿಂದ ನೋಟಿಫಿಕೇಶನ್ ಎಳೆದು, ‘ಚಾರ್ಜಿಂಗ್’ ಎಂದಿರುವುದನ್ನು ಮುಟ್ಟಿ ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಇಲ್ಲಿ ಕಂಪ್ಯೂಟರ್ ನೇರವಾಗಿ ಟ್ಯಾಬ್‌ನ ಡಿಸ್ಕ್ ಓದುವುದಿಲ್ಲ. ಒಂದೊಂದು ಫೈಲನ್ನೂ ಟ್ಯಾಬ್‌ನ ಹತ್ತಿರ ಕೇಳಿ ಪಡೆಯುತ್ತದೆ. ಅದರಿಂದಲೇ ಮೂರು ನಾಲ್ಕು ಸಾವಿರ ಫೋಟೊ ಇರುವ ಕ್ಯಾಮೆರಾ ಫೋಲ್ಡರ್ ತೆರೆದರೆ ಹಸಿರು ಪಟ್ಟಿ ತೆವಳುತ್ತಾ ಇರುತ್ತದೆ. ಒಮ್ಮೆಗೆ ಒಂದೇ ಕೆಲಸ: ಒಂದು ಕಾಪಿ ನಡೆಯುವಾಗ ಇನ್ನೊಂದು ಹಾಕಿದರೆ ಎರಡೂ ಕುಂಟುತ್ತವೆ. ನಡುವೆ ಕ್ಯಾನ್ಸಲ್ ಒತ್ತಿದರೆ ಕೆಲವೊಮ್ಮೆ ಪೂರ್ತಿ ನಿಂತೇಬಿಡುತ್ತದೆ, ಕೇಬಲ್ ತೆಗೆದು ಮತ್ತೆ ಸಿಕ್ಕಿಸಬೇಕು. ಫೈಲಿನ ತಾರೀಖು ಕಾಪಿ ಮಾಡಿದ ದಿನಕ್ಕೆ ಬದಲಾಗುವುದೂ ಉಂಟು. ವಿಂಡೋಸ್‌ನ ‘ಎನ್’ ಆವೃತ್ತಿ ಹಾಕಿದ್ದರೆ ಮೀಡಿಯಾ ಫೀಚರ್ ಪ್ಯಾಕ್ ಸೇರಿಸುವ ತನಕ ಎಂಟಿಪಿ ನಡೆಯುವುದೇ ಇಲ್ಲ. ಮ್ಯಾಕ್‌ನಲ್ಲಂತೂ ಎಂಟಿಪಿ ಒಳಗೇ ಇಲ್ಲ, ಬೇರೆ ಆ್ಯಪ್ ಬೇಕು. ಇಷ್ಟಿದ್ದರೂ ಹತ್ತಿಪ್ಪತ್ತು ಫೋಟೊ, ನಾಲ್ಕು ಪಿಡಿಎಫ್ ಸಾಗಿಸಲು ಇದಕ್ಕಿಂತ ಸಲೀಸಾದುದು ಇಲ್ಲ.

ಎಡಿಬಿಗೆ ಮೊದಲ ಸಲ ಹತ್ತು ನಿಮಿಷದ ತಯಾರಿ ಬೇಕು. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಟ್ಯಾಬ್ಲೆಟ್’ ತೆರೆದು ಬಿಲ್ಡ್ ನಂಬರಿನ ಮೇಲೆ ಏಳು ಸಲ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ಬರುತ್ತದೆ. ಕೆಲವು ಕಂಪನಿಯವರು ಬಿಲ್ಡ್ ನಂಬರನ್ನು ‘ಸಾಫ್ಟ್‌ವೇರ್ ಇನ್‌ಫರ್ಮೇಶನ್’ ಒಳಗೆ ಇಟ್ಟಿರುತ್ತಾರೆ. ಡೆವಲಪರ್ ಆಪ್ಷನ್ಸ್‌ನಲ್ಲಿ ‘ಯುಎಸ್‌ಬಿ ಡೀಬಗ್ಗಿಂಗ್’ ಆನ್ ಮಾಡಿ. ಕಂಪ್ಯೂಟರಿಗೆ ಗೂಗಲ್‌ನ ಆಂಡ್ರಾಯ್ಡ್ ಡೆವಲಪರ್ ತಾಣದಿಂದ ‘ಪ್ಲಾಟ್‌ಫಾರ್ಮ್ ಟೂಲ್ಸ್’ ಜಿಪ್ ಇಳಿಸಿ, ಬಿಚ್ಚಿ, ಆ ಫೋಲ್ಡರಿನಲ್ಲೇ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮೊದಲ ಆಜ್ಞೆ ‘ಎಡಿಬಿ ಡಿವೈಸಸ್’ (adb devices). ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ‘ಅನ್‌ಆಥರೈಸ್ಡ್’ ಎಂದು ಬಂದರೆ ಟ್ಯಾಬ್‌ನ ಪರದೆ ನೋಡಿ, ಅನುಮತಿ ಕೇಳುವ ಚೌಕ ಅಲ್ಲಿ ಕಾಯುತ್ತಿರುತ್ತದೆ. ಪಟ್ಟಿ ಖಾಲಿ ಬಂದರೆ ಕೇಬಲ್ಲಿನ ದೋಷ, ಇಲ್ಲವೇ ವಿಂಡೋಸಿಗೆ ಆ ಕಂಪನಿಯ ಯುಎಸ್‌ಬಿ ಡ್ರೈವರ್ ಬೇಕು.

ಆಮೇಲೆ ‘ಎಡಿಬಿ ಪುಲ್’ (adb pull) ಬರೆದು, ಜಾಗ ಬಿಟ್ಟು ಹೈಫನ್ ಮತ್ತು ಎ (-a), ನಂತರ ಟ್ಯಾಬ್‌ನ ಫೋಲ್ಡರಿನ ದಾರಿ (ಪಾತ್), ಕೊನೆಗೆ ಕಂಪ್ಯೂಟರಿನ ಫೋಲ್ಡರ್. ಆ ಹೈಫನ್ ಎ ಮರೆಯಬೇಡಿ, ಫೈಲುಗಳ ಮೂಲ ತಾರೀಖು ಉಳಿಯುವುದು ಅದರಿಂದ. ಫೋಲ್ಡರಿನ ಹೆಸರಿನ ನಡುವೆ ಜಾಗ ಇದ್ದರೆ ಇಡೀ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ. ಯುಎಸ್‌ಬಿ 2.0ದಲ್ಲಿ ವೇಗದ ಮಿತಿ ಎಂಟಿಪಿಯದ್ದೇ, ಅದರಲ್ಲಿ ದೊಡ್ಡ ಲಾಭ ಇಲ್ಲ. ಲಾಭ ಇರುವುದು ನಂಬಿಕೆಯಲ್ಲಿ: ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಎಷ್ಟು ಶೇಕಡಾ ಆಯಿತು ಎಂದು ತೋರಿಸುತ್ತದೆ, ತಪ್ಪಿದರೆ ಕಾರಣ ಹೇಳಿ ನಿಲ್ಲುತ್ತದೆ. ಕೊರತೆ ಎಂದರೆ ಅರ್ಧಕ್ಕೆ ತುಂಡಾದ ಫೈಲ್ ಮತ್ತೆ ಮೊದಲಿನಿಂದ ಶುರುವಾಗಬೇಕು. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ, ಸುರಕ್ಷತೆಗೂ ಒಳ್ಳೆಯದಲ್ಲ.

ಟ್ಯಾಬ್‌ನ ಇಂಟರ್ನೆಟ್ಟನ್ನು ಕಂಪ್ಯೂಟರಿಗೆ ಹಂಚುವ ಯುಎಸ್‌ಬಿ ಟೆದರಿಂಗ್‌ನಲ್ಲಿ ಕೇಬಲ್ಲೇ ಒಂದು ಪುಟ್ಟ ನೆಟ್‌ವರ್ಕ್ ಆಗುತ್ತದೆ. ಟ್ಯಾಬ್‌ನಲ್ಲಿ ಎಫ್‌ಟಿಪಿ (ನೆಟ್‌ವರ್ಕಿನಲ್ಲಿ ಫೈಲ್ ಸಾಗಿಸುವ ಪದ್ಧತಿ) ಸರ್ವರ್ ಇರುವ ಫೈಲ್ ಮ್ಯಾನೇಜರ್ ಹಾಕಿ, ಅದು ತೋರಿಸುವ ವಿಳಾಸವನ್ನು ಕಂಪ್ಯೂಟರಿನ ಎಫ್‌ಟಿಪಿ ಕ್ಲೈಂಟ್‌ನಲ್ಲಿ ಬರೆದರೆ ಸಾಗಾಟ ಶುರು. ಸರ್ವರ್ ಒಪ್ಪಿದರೆ ತುಂಡಾದ ಫೈಲನ್ನು ನಿಂತಲ್ಲಿಂದಲೇ ಮುಂದುವರಿಸಬಹುದು, ಇದೊಂದು ಗುಣಕ್ಕಾಗಿ ಈ ದಾರಿ ನೆನಪಿಡುವಂಥದ್ದು. ಆದರೆ ಸಿಮ್ ಇರುವ ಟ್ಯಾಬ್ ಆದರೆ ವಿಂಡೋಸ್ ಅಪ್‌ಡೇಟ್ ಮೊಬೈಲ್ ಡೇಟಾವನ್ನೇ ಹೀರಿಬಿಡುತ್ತದೆ. ಮೊದಲೇ ಮೊಬೈಲ್ ಡೇಟಾ ಆಫ್ ಮಾಡಿ, ಇಲ್ಲವೇ ಆ ಸಂಪರ್ಕವನ್ನು ‘ಮೀಟರ್ಡ್’ (ಮಿತ ಡೇಟಾದ್ದು) ಎಂದು ಗುರುತಿಸಿ.

ಟೈಪ್-ಸಿ ಪೆನ್‌ಡ್ರೈವ್ ಸರಳ. ಆದರೆ ಎರಡು ಸಲ ಕಾಪಿ: ಟ್ಯಾಬ್‌ನಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಕಂಪ್ಯೂಟರಿಗೆ. ಅಗ್ಗದ ಡ್ರೈವಿನಲ್ಲಿ ಮೊದಲ ಒಂದೆರಡು ಜಿಬಿ ಓಡುತ್ತದೆ, ಆಮೇಲೆ ಬರೆಯುವ ವೇಗ ಕುಸಿಯುತ್ತದೆ. ಡ್ರೈವಿನಲ್ಲಿ ಫೈಲ್ ಜೋಡಿಸುವ ಹಳೆಯ ಪದ್ಧತಿಯಾದ ಫ್ಯಾಟ್32 ಫಾರ್ಮ್ಯಾಟ್ ಇದ್ದರೆ 4 ಜಿಬಿ ಮೀರಿದ ಫೈಲ್ ಹೋಗುವುದಿಲ್ಲ, ಡ್ರೈವಿನಲ್ಲಿ ಜಾಗ ಇದ್ದರೂ ‘ಸ್ಪೇಸ್ ಇಲ್ಲ’ ಎಂಬಂಥ ದಾರಿ ತಪ್ಪಿಸುವ ಸಂದೇಶ ಬರಬಹುದು. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಟ್ಯಾಬ್ ಅದನ್ನು ಓದುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಟ್ಯಾಬ್‌ನಲ್ಲಿ ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವ ಜಾಗ ಇದ್ದರೆ ವಿಡಿಯೊವನ್ನು ನೇರ ಅದಕ್ಕೇ ಚಿತ್ರೀಕರಿಸಿ, ಕಾರ್ಡ್ ರೀಡರಿಗೆ ಹಾಕುವುದು ಪೆನ್‌ಡ್ರೈವಿಗಿಂತ ಎಷ್ಟೋ ಮೇಲು.

ಐಪ್ಯಾಡಿಗೆ ಈ ನಾಲ್ಕರಲ್ಲಿ ಪೆನ್‌ಡ್ರೈವ್ ಬಿಟ್ಟರೆ ಉಳಿದವು ಹಾಗೆಯೇ ಹೊಂದುವುದಿಲ್ಲ. ವಿಂಡೋಸಿಗೆ ಆ್ಯಪಲ್ ಡಿವೈಸಸ್ ಆ್ಯಪ್ ಹಾಕಿ, ಐಪ್ಯಾಡ್ ಕೇಳಿದಾಗ ‘ಟ್ರಸ್ಟ್’ ಒತ್ತಬೇಕು. ಆಗಲೂ ಎಕ್ಸ್‌ಪ್ಲೋರರಿನಲ್ಲಿ ಕಾಣುವುದು ಫೋಟೊ ಮತ್ತು ವಿಡಿಯೊ ಮಾತ್ರ. ಅರ್ಧಕ್ಕೆ ಕಾಪಿ ನಿಲ್ಲುತ್ತಿದ್ದರೆ ಫೋಟೋಸ್ ಸೆಟ್ಟಿಂಗ್‌ನಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ. ಕಳಿಸುವಾಗಲೇ ಫಾರ್ಮ್ಯಾಟ್ ಬದಲಿಸಲು ಹೋಗಿ ಅದು ಸೋಲುತ್ತಿರುತ್ತದೆ.

ಕರೆಂಟ್ ಹೋದಾಗ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಮಾಡುವುದಾದರೆ ಒಂದು ಮಾತು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಕೊಡುವುದು 900. ಪರದೆ ಉರಿಯುತ್ತಿದ್ದರೆ ಚಾರ್ಜ್ ಏರುವ ಬದಲು ಇಳಿಯಲೂಬಹುದು. ಟ್ಯಾಬ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಚಾರ್ಜ್ ಇಟ್ಟುಕೊಂಡೇ ಶುರು ಮಾಡಿ. ಎರಡೂ ತುದಿ ಟೈಪ್-ಸಿ ಆದರೆ ಯಾವುದು ಯಾವುದಕ್ಕೆ ವಿದ್ಯುತ್ ಕೊಡುತ್ತಿದೆ ಎಂದು ನೋಟಿಫಿಕೇಶನ್‌ನಲ್ಲಿ ನೋಡಿ, ಬೇಕಾದರೆ ಅಲ್ಲೇ ಬದಲಿಸಿ.

ಕಾಪಿ ಮುಗಿಯಿತೆಂದು ಟ್ಯಾಬ್‌ನಿಂದ ಕೂಡಲೇ ಅಳಿಸಬೇಡಿ. ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಬೈಟ್ ಲೆಕ್ಕ ಹೊಂದುತ್ತದೆಯೇ ನೋಡಿ. ಎಂಬಿ, ಜಿಬಿ ಲೆಕ್ಕ ಬೇಡ, ಅದನ್ನು ಎರಡು ಕಡೆ ಬೇರೆ ಬೇರೆ ರೀತಿ ಎಣಿಸುವುದುಂಟು. ಕೊನೆಯ ವಿಡಿಯೊವನ್ನು ಕಂಪ್ಯೂಟರಿನಲ್ಲಿ ತೆರೆದು ಕಡೇ ನಿಮಿಷಕ್ಕೆ ಎಳೆದು, ಮಂಗಳ ಪದ್ಯ ಕೇಳಿಸಿದ ಮೇಲೆ ಡಿಲೀಟ್ ಒತ್ತಿ.