ಆರು ಶನಿವಾರ, ಒಂದು ಪ್ಯಾರಾ: ಬಸವನಗುಡಿಯ ಬರವಣಿಗೆ ತರಗತಿ

ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ಗಾಂಧಿ ಬಜಾರಿನ ಕಡೆಗೆ ನಡೆದರೆ ಸಿಗುವ ಹಳೆಯ ಮನೆಯೊಂದರ ಮಹಡಿಯಲ್ಲಿ ಈ ತರಗತಿ ನಡೆಯುತ್ತದೆ. ಸಂಶೋಧನ ಪ್ರಬಂಧ ಬರೆಯುವವರಿಗಾಗಿ ಆರು ಶನಿವಾರ, ದಿನಕ್ಕೆ ಮೂರು ಗಂಟೆ. ಶುಲ್ಕ 3,000 ರೂಪಾಯಿ. ನಮ್ಮ ತಂಡದಲ್ಲಿ ಹನ್ನೊಂದು ಮಂದಿ ಇದ್ದೆವು. ಕಲಿಸುವವರು ನಿವೃತ್ತ ಅಧ್ಯಾಪಕಿ.

ನನ್ನ ಪಿಎಚ್‌.ಡಿ. ವಿಷಯ ಬೆಂಗಳೂರಿನ ಕೆರೆಗಳು. ಮಾರ್ಗದರ್ಶಕರು ಎರಡನೆಯ ಅಧ್ಯಾಯವನ್ನು ‘ಮಾಹಿತಿ ಇದೆ, ವಾದ ಇಲ್ಲ’ ಎಂದು ಎರಡು ಸಲ ಹಿಂದಿರುಗಿಸಿದ್ದರು. ನಾನೋ, ಇನ್ನಷ್ಟು ಮಾಹಿತಿ ಸೇರಿಸಿದರೆ ವಾದ ತಾನಾಗಿ ಹುಟ್ಟುತ್ತದೆ ಎಂದುಕೊಂಡು ಗೆಜೆಟಿಯರ್‌ಗಳನ್ನು ತಿರುವುತ್ತ ಕುಳಿತಿದ್ದೆ.

ಎರಡನೆಯ ಶನಿವಾರ ಅಧ್ಯಾಪಕಿ ನನ್ನ ಒಂದು ಪ್ಯಾರಾವನ್ನು ಕತ್ತರಿಯಿಂದ ವಾಕ್ಯ ವಾಕ್ಯವಾಗಿ ಕತ್ತರಿಸಿದರು. ಐದು ಚೀಟಿಗಳಾದವು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿಸಿದ್ದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದದ್ದು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದದ್ದು. ಕೊನೆಗೆ ‘ಆದ್ದರಿಂದ ಕೆರೆಗಳನ್ನು ಉಳಿಸಿಕೊಳ್ಳಬೇಕು’. ಪಕ್ಕದಲ್ಲಿದ್ದ ಹುಡುಗನಿಗೆ ಚೀಟಿಗಳನ್ನು ಕಲಸಿ ಓದಲು ಹೇಳಿದರು. ಯಾವ ಕ್ರಮದಲ್ಲಿ ಓದಿದರೂ ಏನೂ ಕೆಡಲಿಲ್ಲ. ಎದೆ ಧಸಕ್ಕೆಂದಿತು. ಇಷ್ಟು ವರ್ಷ ನಾನು ಬರೆದದ್ದು ಪ್ಯಾರಾ ಅಲ್ಲ, ಪಟ್ಟಿ.

ಆಮೇಲಿನ ಒಂದು ಗಂಟೆ ಒಂದೇ ಪ್ರಶ್ನೆ: ಈ ಪ್ಯಾರಾ ಯಾವ ಮಾತಿಗಾಗಿ ಇದೆ? ಮೂರು ಸಲ ತಪ್ಪಾಗಿ ಉತ್ತರಿಸಿದ ಮೇಲೆ ಒಂದು ವಾಕ್ಯ ಬಂತು: ‘ಕೊಳವೆ ನೀರು ಬಂದ ಮೇಲೆ ನಗರದ ನಡುವಿನ ಕೆರೆಗಳು ಆಡಳಿತದ ಕಣ್ಣಿಗೆ ನೀರಾಗಿ ಅಲ್ಲ, ಜಾಗವಾಗಿ ಕಾಣತೊಡಗಿದವು.’ ಅದನ್ನು ಮೇಲಿಟ್ಟ ಕೂಡಲೇ ಕೆಂಪೇಗೌಡರ ಚೀಟಿಗೆ ಕೆಲಸವಿಲ್ಲದೆ ಹೋಯಿತು. ಹೆಸರಘಟ್ಟ ಮೊದಲು ಬಂತು, ಸಂಪಂಗಿ ಅದರ ಹಿಂದೆ. ಸಂಪಂಗಿಯ ಬಳಿಕ ಒಂದು ಚೀಟಿ ಖಾಲಿ ಉಳಿಯಿತು. ಕೆರೆ ಕ್ರೀಡಾಂಗಣವಾಯಿತು ಎಂದ ಮೇಲೆ ಅದರಿಂದ ನನ್ನ ಮಾತು ಹೇಗೆ ಗಟ್ಟಿಯಾಗುತ್ತದೆ ಎಂದು ನಾನೇ ಹೇಳಬೇಕು; ಆಧಾರ ತಾನಾಗಿ ಮಾತಾಡುವುದಿಲ್ಲ. ನನ್ನ ಇಡೀ ಅಧ್ಯಾಯದಲ್ಲಿ ಇಲ್ಲದಿದ್ದದ್ದು ಈ ಚೀಟಿಯೇ. ಅದನ್ನು ತುಂಬಲು ಹೋದಾಗಲೇ ಇನ್ನೊಂದು ಗೊತ್ತಾಯಿತು: ಕೊಳವೆ ನೀರಿಗೂ ಕೆರೆ ಮುಚ್ಚಿದ್ದಕ್ಕೂ ನಡುವಿನ ದಶಕಗಳ ಬಗ್ಗೆ ನನ್ನ ಬಳಿ ದಾಖಲೆ ಸಾಲದು. ಮತ್ತೆ ಪತ್ರಾಗಾರಕ್ಕೆ ಹೋಗಬೇಕಾಯಿತು, ಆದರೆ ಈ ಬಾರಿ ಏನು ಹುಡುಕಬೇಕೆಂದು ತಿಳಿದಿತ್ತು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಸಿಗುವ ಗಮನ ಅಪರೂಪದ್ದು. ‘ಆದ್ದರಿಂದ’, ‘ಹೀಗಾಗಿ’ ಎಂದಲ್ಲೆಲ್ಲ ಹಿಂದಿನ ವಾಕ್ಯದಲ್ಲಿ ನಿಜವಾಗಿ ಕಾರಣವಿದೆಯೇ ಎಂದು ಅಧ್ಯಾಪಕಿ ಕೇಳುತ್ತಾರೆ. ‘ಇದು’ ಎಂದು ವಾಕ್ಯ ಶುರುವಾದರೆ ಯಾವುದು ಎಂಬುದನ್ನು ಪಕ್ಕದಲ್ಲಿ ಬರೆಯಿಸುತ್ತಾರೆ. ನನ್ನ ಒಂದೇ ಪುಟದಲ್ಲಿ ಒಂಬತ್ತು ‘ಇದು’ ಇದ್ದವು, ನಾಲ್ಕಕ್ಕೆ ನನ್ನಲ್ಲೇ ಉತ್ತರವಿರಲಿಲ್ಲ.

ಕೊರತೆಗಳಿವೆ. ಹಂಚುವ ಮಾದರಿ ಪ್ಯಾರಾಗಳೆಲ್ಲ ಇಂಗ್ಲಿಷಿನವು. ಕನ್ನಡದ ಸಂಶೋಧನ ಬರಹದಿಂದ ಹತ್ತಾದರೂ ಇರಬೇಕಿತ್ತು. ಒಂದು ಪ್ಯಾರಾದಿಂದ ಮುಂದಿನದಕ್ಕೆ ದಾಟುವುದು ಹೇಗೆ ಎಂಬುದಕ್ಕೆ ಕೊನೆಯ ದಿನ ಅರ್ಧ ಗಂಟೆ ಮಾತ್ರ ಸಿಕ್ಕಿತು, ಅದೂ ಅವಸರದಲ್ಲಿ. ಅಷ್ಟಕ್ಕೇ ಇನ್ನೆರಡು ವಾರ ಬೇಕು. ಅವರು ಸೇರಿಸಿದರೆ ಆ ಎರಡು ವಾರಕ್ಕೆ ಮತ್ತೆ ಶುಲ್ಕ ಕಟ್ಟುತ್ತೇನೆ.

ಸೇರುವವರು ನಿಮ್ಮದೇ ಬರಹದ ನಾಲ್ಕು ಪುಟಗಳನ್ನು ಮುದ್ರಿಸಿ ತೆಗೆದುಕೊಂಡು ಹೋಗಿ, ಒಂದೇ ಮಗ್ಗುಲಿಗೆ. ಎರಡು ಮಗ್ಗುಲಿಗೂ ಮುದ್ರಿಸಿದರೆ ಕತ್ತರಿಸಲು ಬರುವುದಿಲ್ಲ.