ಚಾರಣದ ಬುತ್ತಿ: ಗೊಜ್ಜವಲಕ್ಕಿ, ಉಪ್ಪಿಟ್ಟು, ಹುರಿಹಿಟ್ಟು, ಒಣಗಿಸಿದ ಬಿಸಿಬೇಳೆ ಬಾತ್

ಒಂದು ಹೊತ್ತಿನ ಬುತ್ತಿ 150 ಗ್ರಾಂ ಆಸುಪಾಸಿನಲ್ಲಿರಬೇಕು, ಅದರಲ್ಲಿ 600 ಕ್ಯಾಲೊರಿಗೆ ಕಡಿಮೆ ಇರಬಾರದು. ಈ ಷರತ್ತಿಟ್ಟುಕೊಂಡು ನಾಲ್ಕು ಬಗೆಯನ್ನು ಮನೆಯಲ್ಲಿ ತೂಗಿ, ಬೆಟ್ಟಕ್ಕೆ ಹೊತ್ತು, ತಿಂದು ನೋಡಿದ್ದಾಯಿತು. ಅಕ್ಕಿ, ರವೆ, ಅವಲಕ್ಕಿ, ರಾಗಿ ಯಾವುದೇ ಆಗಲಿ 100 ಗ್ರಾಂಗೆ ಹೆಚ್ಚುಕಮ್ಮಿ 330ರಿಂದ 360 ಕ್ಯಾಲೊರಿ. ಧಾನ್ಯ ಬದಲಿಸಿ ಪ್ರಯೋಜನವಿಲ್ಲ. ಅಷ್ಟೇ ತೂಕದ ತುಪ್ಪದಲ್ಲಿ ಸುಮಾರು 900, ಕೊಬ್ಬರಿಯಲ್ಲಿ 660, ಕಡಲೆಬೀಜದಲ್ಲಿ 565. ಹಾಗಾಗಿ ನಾಲ್ಕಕ್ಕೂ ಜಿಡ್ಡು ಧಾರಾಳವಾಗಿ ಸೇರಿಸಿದ್ದೇವೆ. ಮನೆಯಲ್ಲಿ ಇಷ್ಟು ತುಪ್ಪ ಹಾಕಿದರೆ ಬೈಸಿಕೊಳ್ಳಬೇಕಾದೀತು.

ಮೊದಲ ಸ್ಥಾನ ಗೊಜ್ಜವಲಕ್ಕಿಗೆ. ಕಾರಣ ರುಚಿಯಲ್ಲ, ಅದಕ್ಕೆ ಒಲೆ ಬೇಡ. ಒಬ್ಬರಿಗೆ ಗಟ್ಟಿ ಅವಲಕ್ಕಿ 80 ಗ್ರಾಂ, ಎಣ್ಣೆ 20, ಕಡಲೆಬೀಜ 25, ಕೊಬ್ಬರಿ ತುರಿ 10, ಬೆಲ್ಲದ ಪುಡಿ 10, ಹುಣಸೆಹಣ್ಣು 5, ಸಾರಿನ ಪುಡಿ 5, ಉಪ್ಪು. ಒಟ್ಟು 155 ಗ್ರಾಂ, 700 ಕ್ಯಾಲೊರಿ. ಮನೆಯಲ್ಲಿ ಮಾಡುವ ಹಾಗೆ ಹುಣಸೆ ನೆನೆಸಿ ಕಿವುಚಿದರೆ ಬುತ್ತಿ ಕೆಡುತ್ತದೆ. ನಾರು, ಬೀಜ ತೆಗೆದ ಹುಣಸೆಯನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗುವ ತನಕ ಬಿಸಿ ಮಾಡಿ, ಆರಿದ ಮೇಲೆ ಉಪ್ಪಿನ ಜೊತೆ ಪುಡಿ ಮಾಡಿಕೊಳ್ಳಬೇಕು. ಅವಲಕ್ಕಿಯನ್ನು ಮಿಕ್ಸಿಯಲ್ಲಿ ಎರಡು ಮೂರು ಸಲ ತಿರುಗಿಸಿದರೆ ಸಾಕು, ರವೆಗಿಂತ ದಪ್ಪ ತರಿ ಇರಲಿ. ಹಿಟ್ಟಾದರೆ ನೀರು ಬಿದ್ದ ಕೂಡಲೇ ಅಂಟಾಗುತ್ತದೆ. ತೆಳು ಅವಲಕ್ಕಿ ತಂದರೂ ಅದೇ ಗತಿ. ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕಡಲೆಬೀಜದ ಒಗ್ಗರಣೆಗೆ ಕರಿಬೇವು ಹಾಕಿ, ಅದು ಗರಿಗರಿಯಾಗಿ ಮುರಿಯುವಷ್ಟು ಹುರಿಯಿರಿ. ಎಲೆಯಲ್ಲಿ ಪಸೆ ಉಳಿದರೆ ಬೂಷ್ಟು ಅಲ್ಲಿಂದಲೇ ಶುರು. ಬೆಲ್ಲದ ಪುಡಿಯನ್ನು ಬೇರೆ ಪೊಟ್ಟಣ ಕಟ್ಟಿ. ಒಟ್ಟಿಗೆ ಬೆರೆಸಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಇಡೀ ಮಿಶ್ರಣ ಗಂಟು ಕಟ್ಟುತ್ತದೆ. ತಿನ್ನುವ ಹೊತ್ತಿಗೆ 140 ಮಿ.ಲೀ. ತಣ್ಣೀರು ಹಾಕಿ ಮುಚ್ಚಿಟ್ಟರೆ 20 ನಿಮಿಷಕ್ಕೆ ಊಟ ಸಿದ್ಧ.

ಗ್ರಾಂಗೆ ಎಷ್ಟು ಕ್ಯಾಲೊರಿ ಎಂಬ ಲೆಕ್ಕದಲ್ಲಿ ಉಪ್ಪಿಟ್ಟಿನ ಮಿಶ್ರಣ ಕಾಗದದ ಮೇಲೆ ಇದನ್ನೂ ಮೀರಿಸುತ್ತದೆ: ಸಣ್ಣ ರವೆ 80 ಗ್ರಾಂ, ತುಪ್ಪ 25, ಗೋಡಂಬಿ 20, ಒಗ್ಗರಣೆ, ಉಪ್ಪು ಸೇರಿ 130 ಗ್ರಾಂ, 620 ಕ್ಯಾಲೊರಿ. ಆದರೆ ಅದಕ್ಕೆ 280 ಮಿ.ಲೀ. ಕುದಿಯುವ ನೀರು ಬೇಕು, ಅಂದರೆ ಒಲೆ, ಗ್ಯಾಸ್ ಡಬ್ಬಿ, ಪಾತ್ರೆಯನ್ನೂ ಹೊರಬೇಕು. 1,712 ಮೀಟರ್ ಎತ್ತರದ ಕುಮಾರ ಪರ್ವತದಂಥ ಕಡೆ, ಬೇಸಿಗೆಯಲ್ಲಿ ಏಣಿನ ಮೇಲೆ ನೀರು ಸಿಗದಿರುವಾಗ, ಬುತ್ತಿ ತೂಗುವವರು ಅದಕ್ಕೆ ಹಾಕುವ ನೀರನ್ನೂ ತಕ್ಕಡಿಗೆ ಇಡಬೇಕು. ಕಾಡಿನಲ್ಲಿ ಸೌದೆ ಉರಿಸುವ ಮಾತಂತೂ ಬೇಡ. ಅಲ್ಲಿ ಗೊಜ್ಜವಲಕ್ಕಿ ಗೆಲ್ಲುತ್ತದೆ.

ಹಿಮಾಲಯಕ್ಕೆ ಹೋದರೆ ತೀರ್ಪು ತಿರುಗುಮುರುಗು. ತೊರೆಯ ನೀರು ಪಕ್ಕದಲ್ಲೇ ಹರಿಯುತ್ತದೆ, ಚಳಿಗೆ ತಣ್ಣನೆಯ ಅವಲಕ್ಕಿ ಗಂಟಲಲ್ಲಿ ಇಳಿಯುವುದಿಲ್ಲ. 3,500 ಮೀಟರ್ ಎತ್ತರದಲ್ಲಿ ನೀರು 88 ಡಿಗ್ರಿ ಸುತ್ತಮುತ್ತಲೇ ಕುದಿಯುವುದರಿಂದ ಬರೀ ನೀರು ಸುರಿದು ಮುಚ್ಚಿಟ್ಟರೆ ರವೆ ಒಳಗೆ ಹಸಿಯಾಗೇ ಉಳಿಯುತ್ತದೆ. ಎರಡು ನಿಮಿಷ ಉರಿಯ ಮೇಲೆ ಕೈಯಾಡಿಸಿ, ಪಾತ್ರೆಗೆ ಟವೆಲ್ ಸುತ್ತಿ ಹತ್ತು ನಿಮಿಷ ಬಿಡಿ. ಬನ್ಸಿ ರವೆ ತರಬೇಡಿ, ಅದು ಇನ್ನೂ ಹೆಚ್ಚು ಹೊತ್ತು ಬೇಯಬೇಕು. ಮನೆಯಲ್ಲಿ ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವ ತನಕ ಹುರಿದು, ತಟ್ಟೆಯಲ್ಲಿ ಹರಡಿ, ಪೂರ್ತಿ ತಣಿದ ಮೇಲೆ ಕವರಿಗೆ ತುಂಬಿ. ಬಿಸಿಯಲ್ಲಿ ತುಂಬಿದರೆ ಒಳಗೆ ಬೆವರಿ ಗಂಟಾಗುತ್ತದೆ. ಹಸಿಮೆಣಸಿನಕಾಯಿ, ಹಸಿಶುಂಠಿ, ಈರುಳ್ಳಿ ಬೇಡ; ಒಣಮೆಣಸು, ಒಣಶುಂಠಿ ಪುಡಿ, ಹುಳಿಗೆ ಚಿಟಿಕೆ ನಿಂಬೆ ಉಪ್ಪು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯುವಂತಿಲ್ಲ, ಇಳಿದ ಊರಿನಲ್ಲೇ ಕೊಳ್ಳಬೇಕು. ಬರೀ ಬ್ಯುಟೇನ್ ತುಂಬಿದ್ದು ಸೊನ್ನೆ ಡಿಗ್ರಿ ಹತ್ತಿರ ಆವಿಯಾಗದೆ ಒಲೆ ಮಂಕಾಗುತ್ತದೆ, ಪ್ರೊಪೇನ್ ಬೆರೆತಿರುವುದನ್ನೇ ಕೇಳಿ ತನ್ನಿ.

ಹುರಿಹಿಟ್ಟು ಊಟವಲ್ಲ, ಬೆಳಗಿನ ತಿಂಡಿ. ಅರಳಿಸಿದ ರಾಗಿಯ ಹಿಟ್ಟು 60 ಗ್ರಾಂ, ಕೆನೆಭರಿತ ಹಾಲಿನ ಪುಡಿ 25, ಬೆಲ್ಲ 25, ಕೊಬ್ಬರಿ 10, ತುಪ್ಪ 15, ಏಲಕ್ಕಿ: 135 ಗ್ರಾಂಗೆ 620 ಕ್ಯಾಲೊರಿ. ಹಾಲಿನ ಪುಡಿ, ಕೊಬ್ಬರಿ, ತುಪ್ಪ ಬಿಟ್ಟು ಬರೀ ಹಿಟ್ಟು-ಬೆಲ್ಲ ಒಯ್ದರೆ ಲೆಕ್ಕ 300ಕ್ಕೆ ಕುಸಿಯುತ್ತದೆ. ಹಿಟ್ಟಿಗೆ ನೀರನ್ನು ಚಮಚ ಚಮಚ ಹಾಕಿ ಕಲಸಬೇಕು. ನೀರಿಗೆ ಹಿಟ್ಟು ಸುರಿದರೆ ಗಂಟು ತಪ್ಪದು. ಉಂಡೆ ಕಟ್ಟಿ ನಡೆಯುತ್ತಲೇ ತಿನ್ನಬಹುದೆಂಬುದು ದೊಡ್ಡ ಅನುಕೂಲ. ಆದರೆ ಬಾಯಿ ಒಣಗುತ್ತದೆ, ಮೂರನೇ ದಿನ ಯಾರೂ ಕೈ ಚಾಚುವುದಿಲ್ಲ.

ಒಣಗಿಸಿದ ಬಿಸಿಬೇಳೆ ಬಾತ್ ರುಚಿಯಲ್ಲಿ ಎಲ್ಲವನ್ನೂ ಹಿಂದಿಕ್ಕುತ್ತದೆ, ಶ್ರಮದಲ್ಲೂ. ಎಣ್ಣೆ, ತುಪ್ಪ ಹಾಕದೆ ಬೇಯಿಸಬೇಕು, ಏಕೆಂದರೆ ಜಿಡ್ಡು ಒಣಗುವುದಿಲ್ಲ, ಬೇಗ ಕಮಟು ಹಿಡಿಯುತ್ತದೆ. ಅನ್ನ ಮೆತ್ತಗೆ, ಬೇಳೆ ಪೂರ್ತಿ ಕರಗುವಂತೆ ಬೇಯಿಸಿ, ಕ್ಯಾರೆಟ್ ತುರಿದು, ಬೀನ್ಸ್ ಸಣ್ಣಗೆ ಹೆಚ್ಚಿ ಹಾಕಿ. ಆಲೂಗಡ್ಡೆ ಹೋಳು ಒಣಗಿದರೆ ಕಲ್ಲು. ಡಿಹೈಡ್ರೇಟರ್‌ನಲ್ಲಿ ಅರ್ಧ ಸೆಂಟಿಮೀಟರ್ ದಪ್ಪ ಹರಡಿ, 60 ಡಿಗ್ರಿಯಲ್ಲಿ ಎಂಟು ಹತ್ತು ಗಂಟೆ ಬಿಟ್ಟು, ನಡುವೆ ಒಮ್ಮೆ ಪುಡಿಗುಟ್ಟಿ ಮಗುಚಬೇಕು. ಬಗ್ಗಿಸಿದರೆ ಬಾಗದೆ ಮುರಿದರೆ ಒಣಗಿದೆ ಎಂದರ್ಥ. 100 ಗ್ರಾಂ ಒಣ ಬಾತ್‌ಗೆ 25 ಗ್ರಾಂ ತುಪ್ಪ, 10 ಗ್ರಾಂ ಗೋಡಂಬಿ ಬೇರೆಯಾಗಿ ಒಯ್ದರೆ 630 ಕ್ಯಾಲೊರಿ. 350 ಮಿ.ಲೀ. ನೀರು, ಐದು ನಿಮಿಷ ಕುದಿ, ಕಾಲು ಗಂಟೆ ಮುಚ್ಚಳ. ನಾಲ್ಕರಲ್ಲಿ ಅತಿ ಹೆಚ್ಚು ನೀರು, ಗ್ಯಾಸ್ ನುಂಗುವುದು ಇದೇ. ಐದಾರು ದಿನದ ದಾರಿಯಲ್ಲಿ ಒಂದು ರಾತ್ರಿಗೆ ಮಾತ್ರ ಒಯ್ಯುವುದು ಸರಿ.

ತುಪ್ಪವೋ ಎಣ್ಣೆಯೋ ಎಂಬುದಕ್ಕೂ ಒಂದು ಮಾತು: ಚಳಿ ಸೀಮೆಗೆ ತುಪ್ಪ, ಹೆಪ್ಪುಗಟ್ಟುವುದರಿಂದ ಸೋರುವುದಿಲ್ಲ. ಸೆಕೆಯಲ್ಲಿ ಎರಡೂ ಸೋರುತ್ತವೆ, ತಿರುಗಣಿ ಮುಚ್ಚಳದ ಸಣ್ಣ ಬಾಟಲಿ ಬೇಕು. ಕಡಲೆಬೀಜ ಇಡಿಯಾಗಿರಲಿ, ಪುಡಿ ಮಾಡಿದ್ದು ಬೇಗ ಕಮಟುತ್ತದೆ.